ಬಾಡಿಗೆ ಸೈಕಲ್ ನಿಲ್ಲುವ ಜಾಗ: ಬೆಂಗಳೂರಿನ ಐದು ನಗರ ಪಾಲಿಕೆಗಳಿಗೆ ಬಹಿರಂಗ ಪತ್ರ

ಗೆ,
ಬೆಂಗಳೂರಿನ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ನಗರ ಪಾಲಿಕೆಗಳ ಆಯುಕ್ತರು, ಎಂಜಿನಿಯರುಗಳು ಹಾಗೂ ವಾರ್ಡ್ ಸಮಿತಿಗಳ ಸದಸ್ಯರಿಗೆ

ಮಾನ್ಯರೇ,

ಸಾರ್ವಜನಿಕ ಬಾಡಿಗೆ ಸೈಕಲ್ ಓಡುವ ಹೊತ್ತಿಗಿಂತ ನಿಂತಿರುವ ಹೊತ್ತೇ ಹೆಚ್ಚು. ಒಂದು ಸವಾರಿ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಮುಂದಿನ ಸವಾರ ಬರುವ ತನಕ ಆ ಸೈಕಲ್ ಎಲ್ಲಾದರೊಂದು ಕಡೆ ನಿಂತಿರಲೇಬೇಕು. ಮನೆಯ ಸೈಕಲ್ ಅಂಗಳಕ್ಕೋ ಶೆಡ್ಡಿಗೋ ಹೋಗುತ್ತದೆ. ಬಾಡಿಗೆ ಸೈಕಲ್‌ಗೆ ಅಂಗಳವಿಲ್ಲ, ಅದು ಬೀದಿಯಲ್ಲೇ ಉಳಿಯುತ್ತದೆ. ಬೀದಿಯ ಯಾವ ಜಾಗದಲ್ಲಿ ಅದು ನಿಲ್ಲಬೇಕು, ಆ ಜಾಗವನ್ನು ಯಾರು ಗೊತ್ತುಮಾಡಬೇಕು, ಅಲ್ಲಿ ನಿಲ್ಲಿಸದಿದ್ದರೆ ಹೊಣೆ ಯಾರದು ಎಂಬುದನ್ನು ನಿಗದಿ ಮಾಡುವ ಕೆಲಸಕ್ಕೆ ನಿಲುಗಡೆ ನಿಯಂತ್ರಣ ಎನ್ನುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದಾಗಿದೆ. ಐದು ಪಾಲಿಕೆಗಳು ಐದು ಬಗೆಯ ನಿಯಮ ಮಾಡಿದರೆ ಸವಾರನಿಗೂ ಪಾದಚಾರಿಗೂ ಕಷ್ಟ ತಪ್ಪದು. ಅದಕ್ಕಾಗಿ ಈ ಪತ್ರ ಐವರನ್ನೂ ಒಟ್ಟಿಗೆ ಉದ್ದೇಶಿಸಿದೆ.

ಬಾಡಿಗೆ ಸೈಕಲ್ ಕರ್ನಾಟಕಕ್ಕೆ ಹೊಸದಲ್ಲ. ಗಂಟೆ ಲೆಕ್ಕದಲ್ಲಿ ಸೈಕಲ್ ಕೊಡುವ ಅಂಗಡಿಗಳು ಒಂದು ಕಾಲಕ್ಕೆ ಊರೂರಲ್ಲಿ ಇದ್ದವು. ಅಂಗಡಿಯವನು ಹೆಸರು, ಹೊತ್ತು ಬರೆದುಕೊಂಡು ಸೈಕಲ್ ಕೊಡುತ್ತಿದ್ದ. ಒಯ್ದವರು ಅದೇ ಅಂಗಡಿಗೆ ತಂದು ಒಪ್ಪಿಸುತ್ತಿದ್ದರು. ಅಲ್ಲಿ ನಿಲುಗಡೆಯ ತಕರಾರು ಏಳಲು ಆಸ್ಪದವೇ ಇರಲಿಲ್ಲ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿದು ಹೋಗುವ ಅನುಕೂಲ ಸಿಕ್ಕ ಮೇಲೆ ತಕರಾರು ಶುರುವಾಯಿತು.

ಈ ಅನುಕೂಲದ ಮೊದಲ ಪ್ರಯತ್ನ ನಡೆದದ್ದು 1965ರ ಆಮ್‌ಸ್ಟರ್‌ಡ್ಯಾಮಿನಲ್ಲಿ. ಪ್ರೋವೊ ಎಂಬ ಯುವಜನರ ಗುಂಪು ಕೆಲವು ಸೈಕಲ್‌ಗಳಿಗೆ ಬಿಳಿ ಬಣ್ಣ ಬಳಿದು, ಬೀಗ ಹಾಕದೆ, ಯಾರು ಬೇಕಾದರೂ ಬಳಸಲಿ ಎಂದು ಬೀದಿಯಲ್ಲಿ ಬಿಟ್ಟಿತು. ಬೀಗವಿಲ್ಲದ ಸೈಕಲ್ ಬೀದಿಯಲ್ಲಿ ಬಿಡುವಂತಿಲ್ಲ ಎಂದು ಪೊಲೀಸರು ಅವುಗಳನ್ನು ಎತ್ತಿಕೊಂಡು ಹೋದರು. ಬೀದಿಯಲ್ಲಿ ನಿಂತ ಸಾರ್ವಜನಿಕ ಸೈಕಲ್‌ಗೂ ನಗರಾಡಳಿತಕ್ಕೂ ನಡೆದ ಮೊದಲ ಜಗಳ ಇದೇ ಇರಬೇಕು. 1995ರಲ್ಲಿ ಕೋಪನ್‌ಹೇಗನ್ ನಾಣ್ಯ ಹಾಕಿ ಬಿಡಿಸಿಕೊಳ್ಳುವ ಸೈಕಲ್‌ಗಳನ್ನು ತಂದಿತು. 2005ರಲ್ಲಿ ಲಿಯಾನ್, 2007ರಲ್ಲಿ ಪ್ಯಾರಿಸ್ ದೊಡ್ಡ ಪ್ರಮಾಣದಲ್ಲಿ ನಿಲ್ದಾಣ ಆಧಾರಿತ ಪದ್ಧತಿಗೆ ಬಂದವು. ಈ ಪದ್ಧತಿಯಲ್ಲಿ ನೆಲಕ್ಕೆ ಭದ್ರಪಡಿಸಿದ ಸ್ಟ್ಯಾಂಡಿಗೆ ಸೈಕಲ್ ಸಿಕ್ಕಿಸಿದರೆ ಮಾತ್ರ ಬಾಡಿಗೆ ಲೆಕ್ಕ ನಿಲ್ಲುತ್ತದೆ. ಶಿಸ್ತು ಯಂತ್ರದಲ್ಲೇ ಅಡಗಿರುವುದರಿಂದ ಬೇರೆ ನಿಯಮ ಬೇಕಾಗುವುದಿಲ್ಲ. ಮೈಸೂರಿನಲ್ಲಿ 2017ರ ಜೂನ್ ತಿಂಗಳಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಇದೇ ಜಾತಿಗೆ ಸೇರಿದ್ದು. 48 ನಿಲ್ದಾಣ, 450 ಸೈಕಲ್‌ಗಳೊಂದಿಗೆ ಅದು ಶುರುವಾಯಿತು. ಅದರ ಬಗ್ಗೆ ಬೇರೆ ದೂರುಗಳು ಇರಬಹುದು, ಆದರೆ ಫುಟ್‌ಪಾತ್ ತುಂಬ ಸೈಕಲ್ ಬಿದ್ದಿವೆ ಎಂಬ ದೂರಿಗೆ ಆ ಪದ್ಧತಿಯಲ್ಲಿ ಎಡೆ ಕಡಿಮೆ.

ನಿಲ್ದಾಣ ಕಟ್ಟುವ ಖರ್ಚು ದೊಡ್ಡದು. ಆ ಖರ್ಚನ್ನೇ ತೆಗೆದುಹಾಕಿದ್ದು ಚೀನಾದ ಕಂಪನಿಗಳು. 2014ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಆವರಣದಲ್ಲಿ ಹುಟ್ಟಿದ ಓಫೋ, 2016ರಲ್ಲಿ ಶಾಂಘೈಯಲ್ಲಿ ಸೇವೆ ಆರಂಭಿಸಿದ ಮೊಬೈಕ್, ಇವೆರಡೂ ಬೀಗವನ್ನು ಸೈಕಲ್ಲಿಗೇ ಇಟ್ಟು ಅದನ್ನು ಮೊಬೈಲ್ ಫೋನಿಗೆ ಜೋಡಿಸಿದವು. ಎಲ್ಲಿ ಬೇಕಾದರೂ ಇಳಿಯಬಹುದು, ಬೀಗ ಒತ್ತಿ ನಡೆಯಬಹುದು. 2017ರ ಆಗಸ್ಟ್ ಹೊತ್ತಿಗೆ ಚೀನಾದ ಬೀದಿಗಳಲ್ಲಿ 1.6 ಕೋಟಿಗೂ ಹೆಚ್ಚು ಇಂಥ ಸೈಕಲ್‌ಗಳಿದ್ದವು. ಬಸ್ ನಿಲ್ದಾಣ, ಮೆಟ್ರೊ ದ್ವಾರ, ಆಸ್ಪತ್ರೆಯ ಬಾಗಿಲು ಎಲ್ಲೆಡೆ ಸೈಕಲ್‌ಗಳ ರಾಶಿ. ಅದೇ ತಿಂಗಳು ಅಲ್ಲಿನ ಕೇಂದ್ರ ಸಚಿವಾಲಯಗಳು ಮಾರ್ಗಸೂಚಿ ಹೊರಡಿಸಿದವು; ಹೊಸ ಸೈಕಲ್ ಇಳಿಸಬಾರದೆಂದು ಬೀಜಿಂಗ್ ಸೆಪ್ಟೆಂಬರಿನಲ್ಲಿ ತಡೆ ಹಾಕಿತು. ಸಾರ್ವಜನಿಕ ಜಾಗವನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವಂತಿಲ್ಲ ಎಂದು ಆಮ್‌ಸ್ಟರ್‌ಡ್ಯಾಮ್ ಅದೇ ವರ್ಷ ಇಂಥ ಬಾಡಿಗೆ ಸೈಕಲ್‌ಗಳನ್ನು ಬೀದಿಯಿಂದ ತೆರವು ಮಾಡಿಸಿತು. ಸೈಕಲ್ಲಿನ ನಗರವೆಂದೇ ಹೆಸರಾದ ಊರು ಹೀಗೆ ಮಾಡಿತೆಂಬುದನ್ನು ಸೈಕಲ್ ಪ್ರಿಯರು ಗಮನಿಸಬೇಕು.

ಬೆಂಗಳೂರಿಗೆ ಈ ಅಲೆ ಬಂದದ್ದೂ 2017ರಲ್ಲೇ. ಆಗ ಇಲ್ಲೇ ಹುಟ್ಟಿದ ಯೂಲು ಮೊದಲು ತುಳಿಯುವ ಸೈಕಲ್‌ಗಳನ್ನೂ 2019ರಿಂದ ಬ್ಯಾಟರಿಯ ಪುಟ್ಟ ವಾಹನಗಳನ್ನೂ ರಸ್ತೆಗಿಳಿಸಿತು. ಬೇರೆ ಕೆಲವು ಕಂಪನಿಗಳು ಬಂದು ಹೋದವು. ಮೆಟ್ರೊ ಇಳಿದು ಆಫೀಸಿಗೋ ಮನೆಗೋ ಹೋಗುವ ಕೊನೆಯ ಒಂದೆರಡು ಕಿಲೋಮೀಟರ್‌ಗೆ ಇವು ಒದಗುತ್ತವೆ. ಆಟೋ ಮೀಟರಿನ ಚೌಕಾಸಿ ತಪ್ಪುತ್ತದೆ, ಹೊಗೆಯಿಲ್ಲ, ಕಾರು ನಿಲ್ಲುವ ಜಾಗ ಉಳಿಯುತ್ತದೆ. ಇಂಥ ಸೇವೆ ಬೆಂಗಳೂರಿಗೆ ಬೇಕೇ ಬೇಕು. ಅದಕ್ಕೆ ನಿಯಮ ಕೇಳುವವರು ಅದರ ವಿರೋಧಿಗಳೆಂದು ಭಾವಿಸಬಾರದು. ನಿಯಮವಿಲ್ಲದ ಕಡೆ ಜನ ರೋಸಿಹೋಗಿ ಸೇವೆಯೇ ಬೇಡವೆಂದಿರುವ ಉದಾಹರಣೆಗಳು ಲೋಕದ ತುಂಬ ಇವೆ.

ನಿಯಮದ ಲೆಕ್ಕಾಚಾರ ಫುಟ್‌ಪಾತಿನ ಅಳತೆಯಿಂದ ಶುರುವಾಗಬೇಕು. ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪ್ರಕಟಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯ ಪ್ರಕಾರ ವಸತಿ ಪ್ರದೇಶದ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ನಡೆಯುವ ಪಟ್ಟಿ ಕನಿಷ್ಠ 1.8 ಮೀಟರ್, ವಾಣಿಜ್ಯ ಪ್ರದೇಶದಲ್ಲಿ 2.5 ಮೀಟರ್ ಅಗಲ ಇರಬೇಕು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಲು 1.8 ಮೀಟರ್ ಸಾಕು. ಒಂದು ಸೈಕಲ್ಲಿನ ಉದ್ದವೂ ಹೆಚ್ಚುಕಡಿಮೆ 1.8 ಮೀಟರ್, ಹ್ಯಾಂಡಲ್ಲಿನ ಅಗಲ ಸುಮಾರು 60 ಸೆಂಟಿಮೀಟರ್. ಅಂದರೆ ವಸತಿ ಬೀದಿಯ ಫುಟ್‌ಪಾತಿಗೆ ಅಡ್ಡವಾಗಿ ನಿಲ್ಲಿಸಿದ ಒಂದೇ ಒಂದು ಸೈಕಲ್ ಇಡೀ ದಾರಿಯನ್ನು ಮುಚ್ಚುತ್ತದೆ. ಉದ್ದುದ್ದ ನಿಲ್ಲಿಸಿದರೂ 1.2 ಮೀಟರ್ ಉಳಿಯುತ್ತದೆ, ಎದುರಿನಿಂದ ಬರುವವರು ನಿಂತು ದಾರಿ ಬಿಡಬೇಕಾಗುತ್ತದೆ. ಇದು ಪುಸ್ತಕದ ಫುಟ್‌ಪಾತಿನ ಮಾತು. ಬೆಂಗಳೂರಿನ ಬಹುಪಾಲು ಬೀದಿಗಳಲ್ಲಿ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಯೇ ಫುಟ್‌ಪಾತು. ಅದರ ಮೇಲೆ ಟ್ರಾನ್ಸ್‌ಫಾರ್ಮರಿನ ಬೇಲಿ, ಹೊಂಗೆಯದೋ ಗುಲ್‌ಮೊಹರ್‌ನದೋ ಬುಡ, ಕೇಬಲ್ ಪೆಟ್ಟಿಗೆ, ಅಂಗಡಿಯ ಮೆಟ್ಟಿಲು ಆಗಲೇ ಬಂದು ಕೂತಿರುತ್ತವೆ. ಉಳಿದ ಜಾಗ ಎಷ್ಟೆಂದು ಟೇಪು ಹಿಡಿದು ಅಳೆದರೆ ಅನೇಕ ಕಡೆ ಒಂದು ಮೀಟರೂ ಸಿಗುವುದಿಲ್ಲ.

ಇಂಥ ಕಡೆ ಕಣ್ಣು ಕಾಣದವರ ಪಾಡನ್ನು ಹತ್ತಿರದಿಂದ ನೋಡಬೇಕು. ಬಿಳಿ ಕೋಲು ನೆಲವನ್ನು ತಡವುತ್ತ ಸಾಗುತ್ತದೆ. ಕಂಬ, ಗೋಡೆ, ಮೆಟ್ಟಿಲು ಕೋಲಿಗೆ ತಾಗುತ್ತವೆ. ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದ ಸೈಕಲ್ ಹಾಗಲ್ಲ. ಅದರ ಎರಡು ಚಕ್ರಗಳ ನಡುವೆ, ಪೆಡಲಿನ ಅಡಿಯಲ್ಲಿ, ಕೋಲು ಸಲೀಸಾಗಿ ಒಳಕ್ಕೆ ಹೋಗುತ್ತದೆ. ದಾರಿ ಖಾಲಿಯಿದೆ ಎಂದು ಮುಂದಿನ ಹೆಜ್ಜೆ ಇಟ್ಟಾಗ ಹ್ಯಾಂಡಲ್ಲಿನ ತುದಿ ಎದೆಗೆ ಬಡಿಯುತ್ತದೆ, ಸೈಕಲ್ ಮೈಮೇಲೆ ಉರುಳುತ್ತದೆ. ಮೆಟ್ರೊ ನಿಲ್ದಾಣಗಳ ಹೊರಗೆ ಹಾಸಿರುವ ಹಳದಿ ಉಬ್ಬುಗೆರೆಯ ಟೈಲ್ಸ್ ಅವರಿಗಾಗಿಯೇ ಇರುವುದು. ಅದರ ಮೇಲೆ ನಿಂತ ಸೈಕಲ್ ದಾರಿದೀಪವನ್ನೇ ಆರಿಸಿದಂತೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸಾರ್ವಜನಿಕ ಜಾಗಗಳು ಎಲ್ಲರಿಗೂ ನಿಲುಕುವಂತಿರಬೇಕೆಂದು ಹೇಳುತ್ತದೆ. ಹಾಗಾಗಿ ನಡೆಯುವ ಪಟ್ಟಿಯಲ್ಲಿ ಸೈಕಲ್ ನಿಲ್ಲಿಸಬಾರದೆಂಬ ನಿಯಮಕ್ಕೆ ವಿನಾಯಿತಿ ಇರಕೂಡದು.

ಕಾನೂನಿನ ಕಡೆಯಿಂದ ನೋಡಿದರೆ ಒಂದು ತೊಡಕು ಕಾಣುತ್ತದೆ. ತಪ್ಪಾಗಿ ನಿಂತ ಕಾರು, ಬೈಕುಗಳನ್ನು ಸಂಚಾರ ಪೊಲೀಸರು ಎತ್ತಿಸುವುದು ಮೋಟಾರು ವಾಹನ ಕಾಯ್ದೆಯ ಬಲದಿಂದ. ಸೈಕಲ್ ಮೋಟಾರು ವಾಹನವಲ್ಲ. ಗಂಟೆಗೆ 25 ಕಿ.ಮೀ. ವೇಗ ಮೀರದ, ತೀರಾ ಕಡಿಮೆ ಶಕ್ತಿಯ ಬ್ಯಾಟರಿ ವಾಹನಗಳೂ ಆ ವ್ಯಾಖ್ಯೆಯಿಂದ ಹೊರಗಿವೆ. ಅವಕ್ಕೆ ನೋಂದಣಿ ಸಂಖ್ಯೆಯಿಲ್ಲ, ಸವಾರನಿಗೆ ಲೈಸೆನ್ಸ್ ಬೇಕಿಲ್ಲ. ಆದ್ದರಿಂದ ಹೊಣೆ ಬಂದು ನಿಲ್ಲುವುದು ಫುಟ್‌ಪಾತಿನ ಒಡೆತನ ಇರುವ ಪಾಲಿಕೆಗಳ ಬಾಗಿಲಲ್ಲಿ. ಬೀದಿಗೆ ಅಡ್ಡಿಯಾದದ್ದನ್ನು ತೆರವು ಮಾಡುವುದು ಪಾಲಿಕೆಯ ಹಳೆಯ ಕೆಲಸ. ಅದರ ಜೊತೆಗೆ ಬೀದಿಯನ್ನು ವ್ಯಾಪಾರಕ್ಕೆ ಬಳಸುವ ಕಂಪನಿಗೆ ಷರತ್ತಿನ ಪರವಾನಗಿ ಕೊಡುವ ಪದ್ಧತಿಯೂ ಬೇಕು. ಬರೀ ಎತ್ತಿ ಒಯ್ಯುವುದರಿಂದ ಪಾಲಿಕೆಯ ಗೋದಾಮು ತುಂಬುತ್ತದೆಯೇ ಹೊರತು ಬೀದಿ ಸರಿಹೋಗುವುದಿಲ್ಲ.

ಆ ಪರವಾನಗಿಯನ್ನು ಯಾರು ಕೊಡಬೇಕೆಂಬುದು ಬೆಂಗಳೂರಿನ ಮುಂದಿರುವ ಮುಖ್ಯ ಪ್ರಶ್ನೆ. ಲಂಡನ್ ನಗರದಲ್ಲಿ 32 ಬರೋಗಳು ಮತ್ತು ಸಿಟಿ ಆಫ್ ಲಂಡನ್ ಸೇರಿ 33 ಸ್ಥಳೀಯ ಆಡಳಿತಗಳಿವೆ. ಬಾಡಿಗೆ ಸೈಕಲ್ ಕಂಪನಿಗಳೊಂದಿಗೆ ಅವು ಬೇರೆಬೇರೆ ಒಪ್ಪಂದ ಮಾಡಿಕೊಂಡವು. ಒಂದು ಬರೋದಲ್ಲಿ ಒಪ್ಪಿಗೆ ಇರುವ ಕಂಪನಿಗೆ ಪಕ್ಕದ ಬರೋದಲ್ಲಿ ಒಪ್ಪಿಗೆಯಿಲ್ಲ. ಒಂದು ಕಡೆ ಗುರುತಿಸಿದ ಚೌಕದಲ್ಲೇ ನಿಲ್ಲಿಸಬೇಕು, ಇನ್ನೊಂದು ಕಡೆ ಆ ಕಟ್ಟುಪಾಡಿಲ್ಲ. ಬರೋದ ಗಡಿ ಸವಾರನಿಗೆ ಹೇಗೆ ಗೊತ್ತಾಗಬೇಕು? ಗಡಿಯ ಹತ್ತಿರ ಬಾಡಿಗೆ ಮುಗಿಸಲಾಗದೆ ಜನ ತಿರುಗಿ ಬರುವಂತಾಯಿತು. ಬೆಂಗಳೂರಿನಲ್ಲೂ ಒಬ್ಬ ಸವಾರ ಒಂದೇ ಸವಾರಿಯಲ್ಲಿ ಎರಡು ಪಾಲಿಕೆಗಳನ್ನು ಮುಟ್ಟುವುದು ದಿನನಿತ್ಯದ ಮಾತು. ಮೆಟ್ರೊ ನಿಲ್ದಾಣದ ಒಳಾವರಣ ಮೆಟ್ರೊ ನಿಗಮದ್ದು, ಗೇಟಿನ ಹೊರಗಿನ ಫುಟ್‌ಪಾತು ಪಾಲಿಕೆಯದು, ಎದುರಿನ ರಸ್ತೆಯ ಸಂಚಾರ ಪೊಲೀಸರ ಸುಪರ್ದಿಯದು. ಇಷ್ಟೂ ಸಂಸ್ಥೆಗಳನ್ನು ಒಂದು ಮೇಜಿಗೆ ಕರೆಯಲು 2022ರ ಕಾಯ್ದೆಯ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರವಿದೆ, ಐದು ಪಾಲಿಕೆಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಪರವಾನಗಿ, ಚೌಕದ ಬಣ್ಣ, ದಂಡದ ಮೊತ್ತ ಇಡೀ ನಗರಕ್ಕೆ ಒಂದೇ ಇರಲಿ. ಯಾವ ಬೀದಿಯ ಯಾವ ಮೂಲೆಯಲ್ಲಿ ಚೌಕ ಬರೆಯಬೇಕೆಂಬುದನ್ನು ವಾರ್ಡ್ ಸಮಿತಿಗಳಿಗೆ ಬಿಡಬೇಕು. ಆ ಬೀದಿಯ ಶಾಲೆ ಬಿಡುವ ಹೊತ್ತು, ಸಂತೆಯ ದಿನ, ನೀರು ನಿಲ್ಲುವ ತಗ್ಗು ಗೊತ್ತಿರುವುದು ಅಲ್ಲಿಯವರಿಗೇ.

ಷರತ್ತುಗಳು ಹೇಗಿರಬೇಕೆಂಬುದಕ್ಕೆ ಸಿಂಗಪುರದ ಅನುಭವ ಎಲ್ಲಕ್ಕಿಂತ ವಿವರವಾದದ್ದು. ನಿಲ್ದಾಣವಿಲ್ಲದ ಬಾಡಿಗೆ ಸೈಕಲ್ ಅಲ್ಲಿಗೆ 2017ರ ಆರಂಭದಲ್ಲಿ ಬಂತು. ವರ್ಷ ತುಂಬುವ ಮೊದಲೇ ಫುಟ್‌ಪಾತು, ವಸತಿ ಸಮುಚ್ಚಯಗಳ ಅಂಗಳ, ಉದ್ಯಾನಗಳೆಲ್ಲ ತುಂಬಿಹೋದವು. ಆ ಅಕ್ಟೋಬರಿನಲ್ಲಿ ಭೂ ಸಾರಿಗೆ ಪ್ರಾಧಿಕಾರ, ಪಟ್ಟಣ ಮಂಡಳಿಗಳು ಮತ್ತು ಉದ್ಯಾನ ಇಲಾಖೆ ಸೇರಿ ಐದು ಕಂಪನಿಗಳೊಂದಿಗೆ ಒಡಂಬಡಿಕೆ ಮಾಡಿಕೊಂಡವು. ಅದು ಕಂಪನಿಗಳ ಒಳ್ಳೆಯತನವನ್ನು ನಂಬಿದ ಕಾಗದ, ಸಾಕಾಗಲಿಲ್ಲ. 2018ರ ಮಾರ್ಚಿನಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ಪರವಾನಗಿಯನ್ನು ಕಡ್ಡಾಯ ಮಾಡಿತು. ಎಷ್ಟು ಸೈಕಲ್ ಇಳಿಸಬಹುದೆಂಬುದನ್ನು ಸರ್ಕಾರವೇ ನಿಗದಿ ಮಾಡತೊಡಗಿತು. ಷರತ್ತು ಮುರಿದರೆ ಪ್ರತಿ ಪ್ರಕರಣಕ್ಕೆ 1 ಲಕ್ಷ ಸಿಂಗಪುರ ಡಾಲರ್‌ವರೆಗೆ ದಂಡ, ಸೈಕಲ್ ಸಂಖ್ಯೆಯ ಕಡಿತ, ಕೊನೆಗೆ ಪರವಾನಗಿ ರದ್ದು. ಮಾತಿಗೆ ತಕ್ಕಂತೆ ನಡೆದೂ ತೋರಿಸಿದರು: ಷರತ್ತು ಪಾಲಿಸದ ಓಫೋ ಕಂಪನಿಯ ಪರವಾನಗಿಯನ್ನು 2019ರ ಫೆಬ್ರವರಿಯಲ್ಲಿ ಅಮಾನತು ಮಾಡಿ, ಏಪ್ರಿಲ್‌ನಲ್ಲಿ ರದ್ದುಪಡಿಸಿದರು.

ಸವಾರನ ಪಾಲಿನ ನಿಯಮ 2019ರ ಜನವರಿಯಿಂದ ಜಾರಿಗೆ ಬಂತು. ಬಿಡುವ ಜಾಗದಲ್ಲಿ ಹಳದಿ ಚೌಕ, ಅದರ ಬಳಿ ಒಂದು ಕ್ಯೂಆರ್ ಕೋಡ್. ಸೈಕಲ್ ನಿಲ್ಲಿಸಿ ಆ ಕೋಡನ್ನು ಫೋನಿನಲ್ಲಿ ಓದಿಸಿದರೆ ಮಾತ್ರ ಸವಾರಿ ಸರಿಯಾಗಿ ಮುಗಿದಂತೆ. ಓದಿಸದೆ ಹೋದರೆ 5 ಡಾಲರ್ ಹೆಚ್ಚುವರಿ ಶುಲ್ಕ. ಒಂದು ವರ್ಷದಲ್ಲಿ ಮೂರು ಸಲ ಹೀಗೆ ಮಾಡಿದವರಿಗೆ ಎಲ್ಲ ಕಂಪನಿಗಳ ಸೈಕಲ್ಲೂ ಸ್ವಲ್ಪ ಕಾಲ ಬಂದ್. ಈ ಕೊನೆಯ ಅಂಶ ಬಹಳ ಮುಖ್ಯ. ಒಂದು ಕಂಪನಿ ಹೊರಗಿಟ್ಟ ಸವಾರನನ್ನು ಇನ್ನೊಂದು ಕಂಪನಿ ಗಿರಾಕಿಯೆಂದು ಬರಮಾಡಿಕೊಂಡರೆ ಶಿಸ್ತಿಗೆ ಬೆಲೆಯೇ ಇರದು.

ಉಪಗ್ರಹದಿಂದಲೇ ಸೈಕಲ್ ಎಲ್ಲಿದೆ ಎಂದು ಗೊತ್ತಾಗುವಾಗ ಕೋಡ್ ಯಾಕೆ ಎಂದು ಕೇಳುವವರಿದ್ದಾರೆ. ತೆರೆದ ಆಕಾಶದ ಕೆಳಗೆ ಜಿಪಿಎಸ್ ಕೆಲವು ಮೀಟರ್‌ಗಳಷ್ಟು ಹೆಚ್ಚುಕಡಿಮೆ ತೋರಿಸುತ್ತದೆ. ಎರಡೂ ಬದಿ ಎತ್ತರದ ಕಟ್ಟಡಗಳಿದ್ದರೆ, ಮೆಟ್ರೊ ಮೇಲ್ಸೇತುವೆಯ ಅಡಿಯಲ್ಲಿದ್ದರೆ, ಸಂಕೇತ ಗೋಡೆಗಳಿಗೆ ಬಡಿದು ತಿರುಗಿ ಬರುವುದರಿಂದ ತಪ್ಪು ಇನ್ನೂ ಹೆಚ್ಚುತ್ತದೆ. ಫುಟ್‌ಪಾತಿನ ಅಗಲವೇ 1.8 ಮೀಟರ್ ಇರುವಾಗ, ಸೈಕಲ್ ಫುಟ್‌ಪಾತಿನ ಮೇಲಿದೆಯೋ ಅದರ ಪಕ್ಕದ ಚೌಕದಲ್ಲಿದೆಯೋ ಎಂದು ಆ ಉಪಕರಣ ಹೇಳಲಾರದು. ಕಂಪನಿಗಳ ಆ್ಯಪ್‌ಗಳಲ್ಲಿ ನಕ್ಷೆಯ ಮೇಲೆ ಬಣ್ಣ ಬಳಿದು ತೋರಿಸುವ ನಿಲುಗಡೆ ವಲಯಗಳ ಮಿತಿಯೂ ಇದೇ. ಒಂದು ಬಡಾವಣೆಯಲ್ಲಿ ನಿಲ್ಲಿಸಬೇಡಿ ಎನ್ನಲು ಅವು ಸಾಕು. ಈ ಕಂಬದ ಆಚೆ ನಿಲ್ಲಿಸಿ, ಈಚೆ ಬೇಡ ಎನ್ನಲು ಸಾಲವು. ಅದಕ್ಕೆ ನೆಲದ ಮೇಲಿನ ಗುರುತು, ಕೋಡ್ ಅಥವಾ ಬ್ಲೂಟೂತ್ ಸಾಧನ, ಜೊತೆಗೆ ನಿಲ್ಲಿಸಿದ ಸೈಕಲ್ಲಿನ ಫೋಟೋ ಬೇಕು. ವಾಷಿಂಗ್ಟನ್, ಷಿಕಾಗೊ ಮೊದಲಾದ ಅಮೆರಿಕದ ಕೆಲವು ನಗರಗಳು ಸೈಕಲ್ಲನ್ನು ಕಂಬಿಗೆ ಬಿಗಿದು ಬೀಗ ಹಾಕಬೇಕೆಂದು ವಿಧಿಸಿದವು. ಬಿಗಿದ ಸೈಕಲ್ ಗಾಳಿಗೆ ಉರುಳುವುದಿಲ್ಲ, ಸ್ಟ್ಯಾಂಡ್ ಜಾರಿ ಸಾಲಾಗಿ ಮಲಗುವುದಿಲ್ಲ. ಆದರೆ ಕಂಬಿಗಳು ಸಾಕಷ್ಟು ಇಲ್ಲದ ಕಡೆ ಜನ ಮರಕ್ಕೂ ರೇಲಿಂಗಿಗೂ ಬಿಗಿಯುತ್ತಾರೆ.

ಇಲ್ಲಿಯೇ ಪಾಲಿಕೆಗಳ ಪಾಲಿನ ಕೆಲಸ ಬರುತ್ತದೆ. ಜಾಗ ಕೊಡದೆ ದಂಡ ಹಾಕುವುದು ಅನ್ಯಾಯ. ಮೊದಲು ಚೌಕ, ಆಮೇಲೆ ಸೈಕಲ್, ಆಮೇಲೆ ದಂಡ ಎಂಬ ಸರದಿ ತಪ್ಪಬಾರದು. ಚೌಕವನ್ನು ಫುಟ್‌ಪಾತಿನಿಂದ ಕತ್ತರಿಸಿ ತೆಗೆಯುವುದಕ್ಕಿಂತ ರಸ್ತೆಯಂಚಿನ ಕಾರು ನಿಲುಗಡೆಯಿಂದ ತೆಗೆಯುವುದು ಮೇಲು. ಒಂದು ಕಾರು ನಿಲ್ಲಲು ಸುಮಾರು 5 ಮೀಟರ್ ಉದ್ದ, 2.5 ಮೀಟರ್ ಅಗಲ ಬೇಕು; ಅಷ್ಟೇ ಜಾಗದಲ್ಲಿ ಎಂಟು-ಹತ್ತು ಸೈಕಲ್ ನಿಲ್ಲುತ್ತವೆ. ಅಡ್ಡರಸ್ತೆ ಕೂಡುವ ಮೂಲೆಯ ಹತ್ತಿರ ಕಾರು ನಿಂತರೆ ದಾಟುವವರಿಗೆ ಬರುವ ವಾಹನ ಕಾಣುವುದಿಲ್ಲ, ಸೈಕಲ್ ನಿಂತರೆ ಕಾಣುತ್ತದೆ. ಹಾಗಾಗಿ ಕಾರಿಗೆ ಕೊಡಬಾರದ ಮೂಲೆಯ ತುಂಡನ್ನು ಸೈಕಲ್ಲಿಗೆ ಕೊಡಬಹುದು. ಅಂಗಡಿಯವರು ಆಕ್ಷೇಪಿಸುವುದುಂಟು. ಇಡೀ ಬೆಳಗ್ಗೆ ಒಂದೇ ಕಾರು ಹಿಡಿದಿಟ್ಟುಕೊಂಡ ಜಾಗದಲ್ಲಿ ಅಷ್ಟೂ ಹೊತ್ತು ಗಿರಾಕಿಗಳು ಬಂದು ಹೋಗುವುದನ್ನು ಅವರಿಗೆ ಒಂದೆರಡು ತಿಂಗಳು ಮಾಡಿ ತೋರಿಸುವುದು ವಾದಿಸುವುದಕ್ಕಿಂತ ಲೇಸು.

ಚೌಕಗಳು ದೂರದೂರ ಇದ್ದರೆ ಪ್ರಯೋಜನವಿಲ್ಲ. ಮನೆಯ ಹತ್ತಿರ ಇಳಿಯುವ ಸವಾರ ಐದು ನಿಮಿಷ ಹಿಂದಕ್ಕೆ ನಡೆದು ಬಂದು ಬಿಡುತ್ತಾನೆಂದು ನಿರೀಕ್ಷಿಸುವುದು ವ್ಯರ್ಥ. ಎರಡು-ಮೂರು ನಿಮಿಷದ ನಡಿಗೆಗೊಂದು ಚೌಕ ಬೇಕು. ಮೆಟ್ರೊ ನಿಲ್ದಾಣಗಳ ಲೆಕ್ಕ ಬೇರೆ. ಬೆಳಗ್ಗೆ ಎಲ್ಲರೂ ಅಲ್ಲಿಗೆ ಬಂದು ಬಿಡುತ್ತಾರೆ, ಸಂಜೆ ಎಲ್ಲರೂ ಅಲ್ಲಿಂದ ಒಯ್ಯುತ್ತಾರೆ. ಕಚೇರಿಗಳ ಬಳಿಯ ನಿಲ್ದಾಣಗಳಲ್ಲಿ ಇದು ತಿರುವುಮುರುವು. ಚೌಕ ಎಷ್ಟೇ ದೊಡ್ಡದಿದ್ದರೂ ಒಂಬತ್ತು ಗಂಟೆಗೆ ತುಂಬಿ ಹೊರಕ್ಕೆ ಚೆಲ್ಲುತ್ತದೆ. ಇದಕ್ಕೆ ಬಣ್ಣದ ಗೆರೆ ಉತ್ತರವಲ್ಲ. ಕಂಪನಿಯ ಆಳುಗಳು ಆ ಹೊತ್ತಿಗೆ ಸರಿಯಾಗಿ ಗಾಡಿಯೊಂದಿಗೆ ಬಂದು ಹೆಚ್ಚಾದವನ್ನು ಬೇರೆಡೆಗೆ ಸಾಗಿಸಬೇಕು, ಅದು ಪರವಾನಗಿಯಲ್ಲೇ ಬರೆದಿರಬೇಕು. 2023ರಲ್ಲಿ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ಣಗೊಂಡ ನೇರಳೆ ಮಾರ್ಗ, 2025ರಲ್ಲಿ ಬೊಮ್ಮಸಂದ್ರದವರೆಗೆ ತೆರೆದ ಹಳದಿ ಮಾರ್ಗ, ಎರಡರ ನಿಲ್ದಾಣಗಳಲ್ಲೂ ಮೊದಲು ಅಳೆದು ಗುರುತಿಸಬೇಕಾದದ್ದು ಈ ಜಾಗವನ್ನೇ.

ತೆರವಿನ ಗಡುವನ್ನು ಅಪಾಯಕ್ಕೆ ತಕ್ಕಂತೆ ಇಡುವುದು ವಾಡಿಕೆ. ಮೆಲ್ಬರ್ನ್ ನಗರ ಯಾರಾ ನದಿಯಿಂದಲೂ ಬಾಡಿಗೆ ಸೈಕಲ್‌ಗಳನ್ನು ಎತ್ತಬೇಕಾಗಿ ಬಂದ ಮೇಲೆ ಅಲ್ಲಿನ ಪರಿಸರ ಪ್ರಾಧಿಕಾರ 2018ರಲ್ಲಿ, ಅಪಾಯಕರವಾಗಿ ಬಿದ್ದ ಸೈಕಲ್ಲನ್ನು ಎರಡು ಗಂಟೆಯೊಳಗೆ ತೆಗೆಯಬೇಕು, ಇಲ್ಲವಾದರೆ ಒಂದು ಸೈಕಲ್ಲಿಗೆ 3,000 ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ ಎಂದು ವಿಧಿಸಿತು. ಬೆಂಗಳೂರಿನಲ್ಲೂ ಉಬ್ಬುಗೆರೆಯ ಟೈಲ್ಸ್, ಇಳಿಜಾರು ದಾರಿ, ಆಸ್ಪತ್ರೆಯ ಬಾಗಿಲು, ಬಸ್ ನಿಲ್ದಾಣ ಇವುಗಳಿಗೆ ಅಡ್ಡವಾದ ಸೈಕಲ್ಲಿಗೆ ಗಂಟೆಗಳ ಗಡುವು, ಉಳಿದವಕ್ಕೆ ಒಂದು ದಿನ ಎಂಬುದು ನ್ಯಾಯವಾದ ಏರ್ಪಾಡು. ದೂರು ಕೊಡುವ ದಾರಿಯೂ ಸರಳವಾಗಿರಬೇಕು. ಪ್ರತಿ ಸೈಕಲ್ಲಿನ ಮೇಲೆ ದೊಡ್ಡ ಅಕ್ಷರಗಳಲ್ಲಿ, ಕನ್ನಡದಲ್ಲಿ, ಅದರ ಸಂಖ್ಯೆ ಮತ್ತು ದೂರವಾಣಿ ಸಂಖ್ಯೆ ಬರೆದಿರಲಿ. ಹಣ್ಣಿನ ಗಾಡಿಯವರಿಗೂ ಪೌರಕಾರ್ಮಿಕರಿಗೂ ಕಂಪನಿಯ ಆ್ಯಪ್ ಬೇಕಾಗಿಲ್ಲ, ಆದರೆ ಬೆಳಗ್ಗೆ ಗುಡಿಸುವಾಗ ಸೈಕಲ್ ಎತ್ತಿ ಪಕ್ಕಕ್ಕಿಡುವವರು ಅವರೇ.

ಸರಕು ತಲುಪಿಸುವವರು ದಿನಗಟ್ಟಲೆ ಬಾಡಿಗೆಗೆ ಪಡೆಯುವ ಬ್ಯಾಟರಿ ವಾಹನಗಳಿಗೆ ಈ ಚೌಕಗಳ ನಿಯಮ ಹೊಂದುವುದಿಲ್ಲ. ಅವು ನಿಲ್ಲುವುದು ಸರಕಿನ ಗೋದಾಮಿನ ಮುಂದೆ, ಆರ್ಡರ್ ಕಾಯುತ್ತ. ಆ ಜಾಗ ಒದಗಿಸುವ ಹೊಣೆ ಗೋದಾಮು ನಡೆಸುವವರದು. ವಾಣಿಜ್ಯ ಪರವಾನಗಿ ಕೊಡುವಾಗಲೇ ಪಾಲಿಕೆ ಅದನ್ನು ಕೇಳಬೇಕು. ದುಡಿಯುವ ಹುಡುಗರ ಮೇಲೆ ದಂಡ ಹಾಕುವುದು ಸಲ್ಲದು.

ಕೊನೆಯ ಷರತ್ತು ಕಂಪನಿ ಮುಚ್ಚುವ ದಿನಕ್ಕೆ ಸಂಬಂಧಿಸಿದ್ದು. 2018ರ ಜೂನಿನಲ್ಲಿ, ಹೊಸ ಪರವಾನಗಿ ಪದ್ಧತಿ ಬರುತ್ತಿದ್ದಂತೆ, ಓಬೈಕ್ ಕಂಪನಿ ಸಿಂಗಪುರದಿಂದ ಕಾಲ್ತೆಗೆಯಿತು. ಸವಾರರ ಠೇವಣಿ ಸಿಕ್ಕಿಬಿತ್ತು, ಸಾವಿರಾರು ಸೈಕಲ್‌ಗಳು ಬೀದಿಯಲ್ಲೇ ಉಳಿದವು. ಅದಕ್ಕೆ ಕೆಲವು ತಿಂಗಳು ಮೊದಲು, 2017ರ ನವೆಂಬರಿನಲ್ಲಿ, ಚೀನಾದ ಬ್ಲೂಗೋಗೋ ದಿವಾಳಿಯಾದಾಗಲೂ ಹೀಗೆಯೇ ಆಗಿತ್ತು. ಮುಚ್ಚಿದ ಕಂಪನಿಯ ಮೇಲೆ ದಂಡ ಹಾಕಿ ಫಲವಿಲ್ಲ, ವಸೂಲಿ ಮಾಡಲು ಯಾರೂ ಇರುವುದಿಲ್ಲ. ಸಿಂಗಪುರ ತನ್ನ ಪರವಾನಗಿಯಲ್ಲಿ ಪ್ರತಿ ಸೈಕಲ್ಲಿಗೆ ಇಷ್ಟು ಎಂದು ಮುಂಗಡ ಭದ್ರತಾ ಠೇವಣಿಯನ್ನು ಕಡ್ಡಾಯ ಮಾಡಿದ್ದು ಇದಕ್ಕಾಗಿ. ಐದು ಪಾಲಿಕೆಗಳೂ ಸೇರಿ ಒಂದೇ ಖಾತೆಯಲ್ಲಿ ಇಂಥ ಠೇವಣಿ ಇಟ್ಟುಕೊಳ್ಳಬೇಕು; ಒಂದು ಸೈಕಲ್ಲನ್ನು ಎತ್ತಿ, ಸಾಗಿಸಿ, ಅದರ ಬ್ಯಾಟರಿಯನ್ನು ನಿಯಮದಂತೆ ವಿಲೇವಾರಿ ಮಾಡಲು ತಗಲುವ ಖರ್ಚೆಷ್ಟೋ ಅಷ್ಟಾದರೂ ಅದರ ಮೊತ್ತ ಇರಬೇಕು. ಕಂಪನಿಯ ಸೇವೆ ನಿಂತ ಇಷ್ಟು ದಿನಗಳೊಳಗೆ ಸೈಕಲ್‌ಗಳು ತೆರವಾಗದಿದ್ದರೆ ಪಾಲಿಕೆ ಆ ಹಣ ಬಳಸಿ ತಾನೇ ತೆರವು ಮಾಡಬಹುದು, ಕೆಲಸಕ್ಕೆ ಬರುವ ಸೈಕಲ್‌ಗಳನ್ನು ಸರ್ಕಾರಿ ಶಾಲೆಗಳಿಗೆ ಕೊಡಬಹುದು ಎಂಬ ಸಾಲು ಒಪ್ಪಂದದಲ್ಲಿ ಮೊದಲ ದಿನವೇ ಸೇರಿರಬೇಕು.

ಇತಿ,
ಬೆಂಗಳೂರಿನ ಪಾದಚಾರಿಗಳು ಮತ್ತು ಸೈಕಲ್ ಸವಾರರ ಪರವಾಗಿ